ಉರಿಮೂತ್ರ ಮತ್ತೆ ಮತ್ತೆ ಬರುತ್ತಿದೆಯೇ? ಸಕ್ಕರೆ ಪರೀಕ್ಷೆ ಮಾಡಿಸಿ

ಹಸುವಿಗೆ ಕೆಚ್ಚಲು ಬಾವು ಬಂದರೆ ಅಂದೇ ಪಶುವೈದ್ಯರನ್ನು ಕರೆಸುತ್ತೇವೆ. ನಮಗೆ ಉರಿಮೂತ್ರ ಬಂದರೆ ಮಾತ್ರ ‘ಉಷ್ಣ’ ಎಂದು ಎಳನೀರು ಕುಡಿದು ಸುಮ್ಮನಾಗುತ್ತೇವೆ.

ಹಾಲು ಕರೆದು ಡೇರಿಗೆ ಹಾಕಿ ಬರುವವರೆಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡಿರುವುದು ಹಲವರ ಅಭ್ಯಾಸ. ಮೂತ್ರಕೋಶದಲ್ಲಿ ಮೂತ್ರ ಹೆಚ್ಚು ಹೊತ್ತು ನಿಂತರೆ ರೋಗಾಣುಗಳು ಬೆಳೆಯುತ್ತವೆ. ಆಗ ಉರಿ, ಕಿಬ್ಬೊಟ್ಟೆ ನೋವು, ಪದೇ ಪದೇ ಹೋಗಬೇಕೆನಿಸುವುದು ಶುರುವಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಸೋಂಕು ಬೇಗ ತಗಲುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ವರ್ಷಗಟ್ಟಲೆ ಹತೋಟಿ ತಪ್ಪಿದರೆ ನರಗಳು ದುರ್ಬಲವಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಆದ್ದರಿಂದ ಸೋಂಕು ಮರುಕಳಿಸಿದರೆ, ಉರಿಯಿಲ್ಲದಿದ್ದರೂ ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವಂತಾದರೆ ಅಥವಾ ಬಾಯಾರಿಕೆ ಹೆಚ್ಚಿದರೆ ರಕ್ತ ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಇನ್ನೊಮ್ಮೆ ಪರೀಕ್ಷಿಸಿ ಕಾಯಿಲೆಯನ್ನು ಖಚಿತಪಡಿಸುತ್ತಾರೆ.

ನೆನಪಿಡಿ:

• ಕೊಟ್ಟಿಗೆಗೆ ಹೋಗುವ ಮುನ್ನ ಮೂತ್ರ ಮಾಡಿ. ಕೆಲಸದ ನಡುವೆಯೂ ನೀರು ಕುಡಿಯಿರಿ.

• ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಿ.

• ಉರಿ ನಿಂತರೂ ವೈದ್ಯರು ಹೇಳಿದಷ್ಟು ದಿನ ಮಾತ್ರೆ ತೆಗೆದುಕೊಳ್ಳಿ.

• ಹಾಲಿನ ಕ್ಯಾನ್ ಎತ್ತುವಾಗ, ಕೆಮ್ಮುವಾಗ ಮೂತ್ರ ಜಾರಿದರೆ ನಾಚಿಕೆ ಬೇಡ, ವೈದ್ಯರಿಗೆ ತಿಳಿಸಿ. ಅವರು ಹೇಳಿಕೊಡುವ ಸರಳ ವ್ಯಾಯಾಮದಿಂದಲೇ ಹಲವರಿಗೆ ಕಡಿಮೆಯಾಗುತ್ತದೆ.

ಚಳಿಜ್ವರ, ಪಕ್ಕೆ ನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಬರೀ ಉರಿಯಿದ್ದರೂ ತಡಮಾಡಬಾರದು.