ಬೇವಿನ ಗಿಡ ತುದಿಯಿಂದ ಒಣಗುವುದೇಕೆ?



ಮಳೆಗಾಲ ಹಿಡಿದ ಮೇಲೆ ಬದುವಿನ ಬೇವಿನ ಗಿಡದ ಎಳೆಯ ರೆಂಬೆಗಳು ತುದಿಯಿಂದ ಹಿಂದಕ್ಕೆ ಒಣಗುತ್ತ ಬಂದರೆ ನೀರು ಸಾಲದೆಂದು ತಿಳಿಯಬಾರದು. ಅದು ರೋಗ. ಮಳೆಗಾಲದ ಕೊನೆಗೂ ಚಳಿಯ ದಿನಗಳಲ್ಲಿಯೂ ಇದು ಹೆಚ್ಚುತ್ತದೆ. ಬೇಸಗೆಗೆ ಗಿಡ ಮತ್ತೆ ಚಿಗುರಿತೆಂದರೆ ರೋಗ ಹೋಯಿತೆಂದು ನಾವು ಸುಮ್ಮನಾಗುತ್ತೇವೆ. ಮುಂದಿನ ಮಳೆಗೆ ಅದು ತಿರುಗಿ ಬರುತ್ತದೆ. ಹೂಗೊಂಚಲು ಕರಕಾಗುತ್ತದೆ, ಕಾಯಿ ಕೊಳೆಯುತ್ತದೆ. ರೋಗ ಬಲಿತ ಗಿಡದಿಂದ ಒಂದು ಬೀಜವೂ ಕೈಗೆ ಹತ್ತುವುದಿಲ್ಲ. ಹತ್ತಿಗೆ, ಕಡಲೆಗೆ ಬೇವಿನ ಬೀಜದ ಕಷಾಯ ಹೊಡೆಯುವವರಿಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಕಾರಣ ಫೋಮಾಪ್ಸಿಸ್ ಎಂಬ ಬೂಷ್ಟು. ಬೇವಿಗೆ ಹತ್ತುವ ಇದು ಬೇರೆಯೇ ಜಾತಿಯೆಂದು ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಗುರುತಿಸಿ ಹೆಸರಿಟ್ಟರು. 2021ರಲ್ಲಿ ತೆಲಂಗಾಣದಲ್ಲಿ ಊರೂರಿನ ಬೇವು ಒಣಗಿ ಜನ ಗಾಬರಿಯಾದರು. ಈ ಬೂಷ್ಟು ಬೀಜದೊಳಗೂ ಸೇರಿ ಊರಿಂದೂರಿಗೆ ಹೋಗುತ್ತದೆ. (ಟೀ ಸೊಳ್ಳೆಯೆಂಬ ಕೀಟ ರಸ ಹೀರಿದರೂ ಚಿಗುರು ಒಣಗುವುದುಂಟು, ಎರಡೂ ಕೂಡಿಯೇ ಇರಬಹುದು.)

“ರೋಗ ಹೇಗೂ ನಾಡಿನಲ್ಲಿ ಹರಡಿದೆ, ಇನ್ನು ದೂರದ ಸಸಿ ತಂದರೇನು?” ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಜೋಳದಲ್ಲಿ ಮಾಲದಂಡಿ ಒಂದು ತಳಿಯಾದರೆ ಬೇರೆ ತಳಿಗಳೂ ಇಲ್ಲವೇ? ಬೂಷ್ಟಿನಲ್ಲಿಯೂ ಹಾಗೆಯೇ, ಒಂದೇ ಜಾತಿಯೊಳಗೆ ಹಲವು ತಳಿ. ತುಕ್ಕು ರೋಗ ತಡೆಯುತ್ತಿದ್ದ ಗೋದಿ ಕೆಲವು ವರ್ಷಗಳ ಮೇಲೆ ಅದೇ ರೋಗಕ್ಕೆ ಸೋಲುವುದುಂಟು. ಗೋದಿ ಬದಲಾಗಿರುವುದಿಲ್ಲ, ತುಕ್ಕಿನ ಹೊಸ ತಳಿ ಬಂದಿರುತ್ತದೆ.

ಯುರೋಪಿನ ಕಾಡಿನಲ್ಲಿ ಆ್ಯಶ್ ಎಂಬ ಮರವಿದೆ. ಅದೂ ಇದೇ ರೀತಿ ತುದಿಯಿಂದ ಒಣಗಿ ಸಾಯುವುದನ್ನು 1992ರ ಸುಮಾರಿಗೆ ಪೋಲಂಡಿನಲ್ಲಿ ಕಂಡರು. ಆ ಬೂಷ್ಟು ಪೂರ್ವ ಏಷ್ಯಾದ್ದು. ಅಲ್ಲಿಯ ಆ್ಯಶ್ ಮರಗಳಿಗೆ ಅದರಿಂದ ಹೆಚ್ಚಿನ ಹಾನಿಯಿಲ್ಲ. 2012ರಲ್ಲಿ ಅದು ಹೊರದೇಶದಿಂದ ತಂದ ಸಸಿಗಳಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಓದಿ 2018ರಲ್ಲಿ ಪ್ರಕಟಿಸಿದ ಸಂಗತಿ ಆಶ್ಚರ್ಯದ್ದು: ಯುರೋಪಿನಲ್ಲೆಲ್ಲ ಮರ ಕೊಲ್ಲುತ್ತಿರುವ ಬೂಷ್ಟು ಬರೀ ಎರಡರ ಸಂತಾನ! ಎರಡಕ್ಕೇ ಇಷ್ಟು ಹಾನಿ. ಏಷ್ಯಾದಿಂದ ಇನ್ನಷ್ಟು ತಳಿ ಬಂದು ಇವುಗಳೊಡನೆ ಕೂಡಿದರೆ, ಈಗ ತಾಳಿಕೊಂಡು ನಿಂತಿರುವ ಕೆಲವೇ ಮರಗಳೂ ಉಳಿಯಲಾರವೆಂಬುದು ಅವರ ಭಯ. ಆದುದರಿಂದ ರೋಗ ಬಂದ ಮೇಲೂ ಹೊರಗಿನ ಸಸಿ ತಡೆಯುವುದು ವ್ಯರ್ಥವಲ್ಲ.

ನಮ್ಮ ಬೇವಿಗೂ ಇದೇ ಲೆಕ್ಕ. ದೂರದ ಬೀಜ, ಸಸಿ ತರಿಸಬೇಡಿರಿ. ಒಣಗಿದ ರೆಂಬೆಯನ್ನು ಹಸಿರಿರುವ ಭಾಗ ಸ್ವಲ್ಪ ಸೇರಿಸಿ, ಮಳೆಯಿಲ್ಲದ ದಿನ ಕತ್ತರಿಸಿ ಸುಡಿರಿ. ಸಸಿಗೆ ಸಿಂಪಡಿಸುವ ಔಷಧದ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ದೊಡ್ಡ ಗಿಡಕ್ಕೆ ಹೊಡೆಯುವ ಖರ್ಚು ನಮ್ಮ ಕೈಗೆ ನಿಲುಕುವಂಥದ್ದಲ್ಲ. ಒಣಗಿತೆಂದು ಇಡೀ ಗಿಡ ಕಡಿಯಲು ಅವಸರ ಬೇಡ.

ಸುತ್ತಲಿನ ಗಿಡಗಳೆಲ್ಲ ಒಣಗಿದಾಗ ಒಂದು ಹಸಿರಾಗಿ ನಿಂತಿದ್ದರೆ ಅದರಲ್ಲಿ ರೋಗ ತಡೆಯುವ ಗುಣವಿರಬಹುದು. ಹಣ್ಣು ಬಿದ್ದಾಗ ಅದರ ಬೀಜವನ್ನೇ ಆರಿಸಿ ಸಸಿ ಮಾಡಿರಿ. ಆ ಗಿಡಕ್ಕೆ ಚಳಿಗಾಲದಲ್ಲಿಯೇ ಸುಣ್ಣದ ಗುರುತು ಹಾಕಿಡತಕ್ಕದ್ದು. ಬೇಸಗೆಯಲ್ಲಿ ಎಲ್ಲವೂ ಚಿಗುರಿ ನಿಂತಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ.