ಜಿ.ಕೆ.ವಿ. ರಾಗ, ಪಿ.ಬಿ.ಎಸ್. ಕಂಠ

ಹಳೆಯ ಕನ್ನಡ ಚಿತ್ರಗೀತೆಗಳ ಮಾತು ಬಂದರೆ ನಟ ರಾಜ್‌ಕುಮಾರ್ ಮತ್ತು ಅವರಿಗೆ ಕಂಠವಾಗಿದ್ದ ಗಾಯಕ ಪಿ.ಬಿ. ಶ್ರೀನಿವಾಸ್ (ಪಿ.ಬಿ.ಎಸ್.) ಜೋಡಿಯನ್ನು ಎಲ್ಲರೂ ನೆನೆಯುತ್ತಾರೆ. ಆ ಜೋಡಿಗೆ ಹಲವು ಅಮರ ಹಾಡುಗಳನ್ನು ಕಟ್ಟಿಕೊಟ್ಟ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಮಾತ್ರ ಅಷ್ಟಾಗಿ ನೆನಪಾಗುವುದಿಲ್ಲ.

ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ಪಿ.ಬಿ.ಎಸ್. ಅವರದು ಅಬ್ಬರವಿಲ್ಲದ ಮಂದ್ರ ಕಂಠ. ತಾರಕ್ಕೇರಿ ಚಪ್ಪಾಳೆ ಗಿಟ್ಟಿಸುವ ಹಟ ಅದಕ್ಕಿರಲಿಲ್ಲ. ಸ್ವತಃ ಗಾಯಕರಾಗಿದ್ದ ವೆಂಕಟೇಶ್ ಆ ಕಂಠದ ಶಕ್ತಿ ಎಲ್ಲಿದೆ ಎಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1961ರ ‘ಕಣ್ತೆರೆದು ನೋಡು’ ಚಿತ್ರವನ್ನೇ ನೋಡಿ. ಅಂಧ ನಾಯಕನ ಅಳಲಿಗೆ ಅವರು ಪಿ.ಬಿ.ಎಸ್. ಅವರನ್ನು ಆರಿಸಿಕೊಂಡರು. ನಾಡಿನ ಮಕ್ಕಳನ್ನೆಲ್ಲ ಒಂದುಗೂಡಿಸುವ ಕರೆಯ ಹಾಡನ್ನು ತಾವೇ ಹಾಡಿದರು.

‘ಕಸ್ತೂರಿ ನಿವಾಸ’ (1971) ಈ ಜೊತೆಗಾರಿಕೆಯ ಶಿಖರ. ಚಿ. ಉದಯಶಂಕರ್ ಬರೆದ ಗೊಂಬೆಯ ಹಾಡು ಸಂತಸದಲ್ಲೊಮ್ಮೆ, ಸಂಕಟದಲ್ಲೊಮ್ಮೆ ಕೇಳಿಬರುತ್ತದೆ. ಧಾಟಿ ಅದೇ. ಎರಡನೇ ಸಲ ಪಿ.ಬಿ.ಎಸ್. ಬಿಕ್ಕುವುದಿಲ್ಲ, ಗದ್ಗದವನ್ನು ತುರುಕುವುದಿಲ್ಲ. ಅಳುವ ಕೆಲಸವನ್ನು ಕೇಳುಗರಿಗೇ ಬಿಟ್ಟುಬಿಡುತ್ತಾರೆ. ಮರುವರ್ಷದ ‘ಬಂಗಾರದ ಮನುಷ್ಯ’ದಲ್ಲಿ ಇದೇ ಕಂಠದ ಇನ್ನೊಂದು ಮುಖ ಕಾಣುತ್ತದೆ. ಕಲ್ಲುಗುಡ್ಡವನ್ನು ಹೊಲ ಮಾಡುವ ಛಲದ ಹಾಡೂ ಅವರದೇ, ಪಿ. ಸುಶೀಲಾ ಜೊತೆಗಿನ ಮಲ್ಲಿಗೆಯ ಯುಗಳ ಗೀತೆಯೂ ಅವರದೇ.

ಹಾಗೆಂದು ವೆಂಕಟೇಶ್ ಒಂದೇ ಕಂಠಕ್ಕೆ ಕಟ್ಟುಬಿದ್ದವರಲ್ಲ. ಸಂಗೀತಗಾರನ ಕಥೆಯಾದ ‘ಸಂಧ್ಯಾರಾಗ’ಕ್ಕೆ (1966) ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಅವರಂಥ ವಿದ್ವಾಂಸರು ಬಂದರು. 1959ರಲ್ಲೇ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ರಾಜ್‌ಕುಮಾರ್ ಅವರಿಂದ ಹಾಡಿಸಿದ್ದರು. ನಾಟಕ ಕಂಪನಿಯಲ್ಲಿ ಪಳಗಿದ ಆ ಕಂಠ ಅವರ ನೆನಪಿನಲ್ಲಿ ಉಳಿದಿತ್ತು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಎಮ್ಮೆಯ ಮೇಲೆ ಕುಳಿತು ನಾಯಕ ಹಾಡುವ ಹಾಡಿನ ಧ್ವನಿಮುದ್ರಣದ ಹೊತ್ತಿಗೆ ಪಿ.ಬಿ.ಎಸ್. ಅಸ್ವಸ್ಥರಾಗಿದ್ದರೆಂದು ಚಿತ್ರರಂಗದವರು ಹೇಳುತ್ತಾರೆ. ಆ ಹಾಡನ್ನು ರಾಜ್ ಅವರೇ ಹಾಡಿದರು. ಹಾಡು ಊರೂರಲ್ಲಿ ಮೊಳಗಿತು. ಅದೇ ವರ್ಷದ ‘ಭಕ್ತ ಕುಂಬಾರ’ದಲ್ಲಿ ಪಿ.ಬಿ.ಎಸ್. ಭಕ್ತಿರಸ ಹರಿಸಿದರೂ ಗಾಳಿ ಬದಲಾಗಿತ್ತು. ‘ಮಯೂರ’ದ ಹೊತ್ತಿಗೆ ರಾಜ್ ಹಾಡಿಗೆ ರಾಜ್ ಕಂಠವೇ ಬೇಕು ಎನ್ನುವಂತಾಯಿತು.

ರಾಜ್‌ಕುಮಾರ್ ಅವರಿಗೆ ಪಿ.ಬಿ.ಎಸ್. ಕಂಠವನ್ನು ಒಪ್ಪಿಸಿದವರಲ್ಲಿ ವಿಜಯಭಾಸ್ಕರ್, ರಾಜನ್–ನಾಗೇಂದ್ರ ಕೂಡ ಇದ್ದಾರೆ. ಆದರೆ ಪಿ.ಬಿ.ಎಸ್. ಕಂಠವನ್ನು ಅಷ್ಟು ಎತ್ತರಕ್ಕೆ ಒಯ್ದು, ಕೊನೆಗೆ ಅದರ ಜಾಗಕ್ಕೆ ನಟನ ಸ್ವಂತ ಕಂಠವನ್ನೇ ತಂದು ಕೂರಿಸಿದ ಸಂಗೀತ ನಿರ್ದೇಶಕ ಜಿ.ಕೆ.ವಿ. ಒಬ್ಬರೇ. ಮುಂದಿನ ಸಲ ಈ ಹಾಡುಗಳನ್ನು ಕೇಳುವಾಗ ಗಾಯಕರ ಜೊತೆಗೆ ಅವರ ಹೆಸರನ್ನೂ ಹೇಳಿ.