ನಿಮಗಿದು ಗೊತ್ತೆ? ಬಿಳಿ ಸೈಕಲ್ ಹಾಡಿದ ‘ಟುಮಾರೋ’

‘ಟುಮಾರೋ’ ಲಂಡನ್ನಿನ ಸೈಕೆಡೆಲಿಕ್ ಪಾಪ್ ತಂಡವಾಗಿತ್ತು. ಗಾಯಕ ಕೀತ್ ವೆಸ್ಟ್, ಗಿಟಾರ್ ವಾದಕ ಸ್ಟೀವ್ ಹೌ, ಬಾಸ್ ನುಡಿಸುತ್ತಿದ್ದ ಜಾನ್ ವುಡ್, ಡ್ರಮ್ಸ್‌ಗೆ ‘ಟ್ವಿಂಕ್’ ಎಂದೇ ಹೆಸರಾದ ಜಾನ್ ಆಲ್ಡರ್. ಈ ನಾಲ್ವರು ಮೊದಲು ‘ದಿ ಇನ್ ಕ್ರೌಡ್’ ಎಂಬ ಹೆಸರಿನಲ್ಲಿ ಹಾಡುತ್ತಿದ್ದರು.

1967ರ ಮೇ ತಿಂಗಳಲ್ಲಿ ಬಂದ ‘ಮೈ ವೈಟ್ ಬೈಸಿಕಲ್’ ಇವರ ಅತ್ಯುತ್ತಮ ಹಾಡು. ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಪ್ರೊವೊ’ ಚಳವಳಿಯ ಯುವಕರು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ಪುಕ್ಕಟೆ ಓಡಿಸಲಿ ಎಂದು ಬೀದಿಯಲ್ಲಿ ಬಿಟ್ಟಿದ್ದರು. ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಹಾಡಿಗೆ ಪ್ರೇರಣೆ ಅದೇ. ಟೇಪನ್ನು ಹಿಂದುಮುಂದಾಗಿ ಓಡಿಸಿ ಪಡೆದ ಗಿಟಾರಿನ ನಾದ ಇಂದಿಗೂ ಹೊಸದೆನಿಸುತ್ತದೆ. ಆದರೂ ಹಾಡು ಜನಪ್ರಿಯ ಗೀತೆಗಳ ಪಟ್ಟಿಗೆ ಏರಲಿಲ್ಲ. ಇದು ನಿಜಕ್ಕೂ ಅನ್ಯಾಯ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಬಿಸಿ ರೇಡಿಯೊದ ಪ್ರಸಿದ್ಧ ‘ಜಾನ್ ಪೀಲ್ ಸೆಷನ್’ ಸರಣಿಗೆ ಮೊಟ್ಟಮೊದಲು ಧ್ವನಿಮುದ್ರಣ ಮಾಡಿದ್ದು ಈ ತಂಡವೇ. ಆದರೆ ಆ ಹೊತ್ತಿಗೆ ವೆಸ್ಟ್ ಒಬ್ಬನೇ ಹಾಡಿದ್ದ ‘ಎಕ್ಸರ್ಪ್ಟ್ ಫ್ರಮ್ ಎ ಟೀನೇಜ್ ಆಪೆರಾ’ ಬ್ರಿಟನ್ನಿನಲ್ಲಿ 2ನೇ ಸ್ಥಾನಕ್ಕೇರಿತ್ತು. ಈ ಹಾಡಿಗೂ ತಂಡದ ಹಾಡುಗಳಿಗೂ ನಿರ್ಮಾಪಕ ಮಾರ್ಕ್ ವರ್ಟ್ಸ್ ಒಬ್ಬರೇ. ಗಾಯಕನ ಗೆಲುವು ತಂಡವನ್ನು ಮಂಕಾಗಿಸಿತು. ಏಕೈಕ ಆಲ್ಬಂ ಹೊರಬರುವಾಗ 1968 ಬಂದಿತ್ತು. ಅದೇ ವರ್ಷ ತಂಡವೂ ಒಡೆಯಿತು.

ಟ್ವಿಂಕ್ ‘ಪ್ರಿಟಿ ಥಿಂಗ್ಸ್’ ತಂಡ ಸೇರಿದ. ಹೌ 1970ರಲ್ಲಿ ‘ಯೆಸ್’ ತಂಡ ಸೇರಿ ಜಗತ್ಪ್ರಸಿದ್ಧನಾದ. 1975ರಲ್ಲಿ ಸ್ಕಾಟ್ಲೆಂಡಿನ ‘ನಜರೆತ್’ ತಂಡ ‘ಮೈ ವೈಟ್ ಬೈಸಿಕಲ್’ ಅನ್ನು ಮತ್ತೆ ಹಾಡಿದಾಗ ಅದು ಬ್ರಿಟನ್ನಿನ ಮೊದಲ 20 ಹಾಡುಗಳಲ್ಲಿ ಸೇರಿತು.